ಬೂಟಿಗೆ ಕಟ್ಟಿದ ಕಾಲು

ಅಣ್ಣ ತೋರಿಸಿದ್ದು ಕಿಟಕಿಯನ್ನೂ ಇರಬಹುದು. ಕಾಲಿಗೆ ಕಟ್ಟುವ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿ ಇಟ್ಟಿದ್ದ ಮೇಜು ಕಿಟಕಿಗೆ ತಾಗಿಕೊಂಡೇ ಇತ್ತು. ಆಚೆ ಮಾಣಿಕನಗರದ ಕಡೆ ಹೋಗುವ ಆಟೋಗಳು ಹಾರ್ನು ಹೊಡೆಯುತ್ತಿದ್ದವು. ಬಲಗೈ ಸತ್ತ ಮೇಲೆ ಅಣ್ಣನ ಎಡಗೈಗೆ ತೋರಿಸುವುದು ಇನ್ನೂ ಸರಿಯಾಗಿ ರೂಢಿಯಾಗಿರಲಿಲ್ಲ. ಅಂಥ ಕೈ ಇಂಥದನ್ನೇ ತೋರಿಸಿತು ಎಂದು ಆಣೆ ಮಾಡಿ ಹೇಳುವವರು ಯಾರು? ಬಸವಕಲ್ಯಾಣದಿಂದ ಹೊರಟ ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ನಿಂತು, ಬುಟ್ಟಿ ಹೊತ್ತ ಹೆಂಗಸರನ್ನು ಇಳಿಸಿ, ಹುಮನಾಬಾದಿನ ಕಡೆ ಹೆದ್ದಾರಿ ಹಿಡಿಯಿತು. ಬಸ್ಸಿನಲ್ಲಿ ಕೂತ ಗುರುನಾಥ ಹದಿಮೂರು ದಿನದ ಹಿಂದಿನ ಆ ಬೆರಳನ್ನು ಮತ್ತೆ ಮತ್ತೆ ನೋಡುತ್ತಿದ್ದ. ಒಂದು ಸಲ ನೋಡಿದರೆ ಬೆರಳು ಕಿಟಕಿಯ ಕಡೆ ಚಾಚಿರುತ್ತಿತ್ತು. ಮುಂದಿನ ಸಲ ಅದು ಪ್ಲಾಸ್ಟಿಕ್ಕನ್ನು ಮುಟ್ಟಿ, ಹಿಂದಕ್ಕೆ ಬಂದು, ಅಂಗಿಯ ಕೆಳಗೆ ಲಿಂಗ ತೂಗುವ ಜಾಗದಲ್ಲಿ ಎದೆಯನ್ನು ಎರಡು ಸಲ ತಟ್ಟುತ್ತಿತ್ತು. ಕಿಟಕಿ ತೋರಿಸಿದವನು ಎದೆ ಯಾಕೆ ತಟ್ಟಿಕೊಂಡ? ಕೆಮ್ಮು ಬಂದಿರಬೇಕು. ಕೆಮ್ಮು ಬಂದಿತ್ತು ಎಂದು ಗುರುನಾಥ ತೀರ್ಮಾನಿಸಿದ, ಮತ್ತು ಆ ತೀರ್ಮಾನ ಮುಂದಿನ ಊರಿನವರೆಗೂ ಬಾಳಲಿಲ್ಲ.

ಅಣ್ಣ ಬಸವಣಪ್ಪ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಸಾಕಿದವನು, ಓದಿಸಿದವನು, ಹೈಸ್ಕೂಲಿನಲ್ಲಿ ಎರಡು ವರ್ಷ ಗಣಿತ ಕಲಿಸಿದವನು, ಕಾಲೇಜಿನ ಲೈಬ್ರರಿಯಲ್ಲಿ ನೌಕರಿ ಕೊಡಿಸಲು ಯಾರಯಾರದೋ ಬಾಗಿಲು ಕಾದವನು. ಇದನ್ನೆಲ್ಲ ಮನೆಗೆ ಬಂದವರೆದುರು ತಾನೇ ಹೇಳುತ್ತಿದ್ದವನು. ಏಳು ತಿಂಗಳ ಹಿಂದೆ, ಮುಂಜಾನೆ ಸ್ನಾನ ಮುಗಿಸಿ ಒದ್ದೆ ಧೋತರ ಹಿಂಡುತ್ತಿದ್ದಾಗ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರಾ ಹೋಯಿತು. ತಿಳಿಯುವುದೊಂದು ಹೋಗಲಿಲ್ಲ. ಪೆನ್ಸಿಲು ಕೊಟ್ಟರೆ ಎಡಗೈಯಲ್ಲಿ ಹಿಡಿದು, ಅಕ್ಷರ ಕೂಡದೆ, ಹಾಳೆಯನ್ನು ನೋಡುತ್ತ ಕೂರುತ್ತಿದ್ದ. ಬಲಗಾಲಿಗೆ ಮೂರನೇ ತಿಂಗಳಲ್ಲಿ ಕೊಂಚ ಜೀವ ಬಂತು. ಸೊಂಟದಿಂದ ಮೊಣಕಾಲಿನವರೆಗೆ ಬಂತು, ಪಾದಕ್ಕೆ ಬರಲಿಲ್ಲ. ಎತ್ತಿಟ್ಟರೆ ಪಾದ ಒಳಕ್ಕೆ ತಿರುಗಿ, ಬೆರಳುಗಳು ನೆಲವನ್ನು ಗೀರುತ್ತ ಬರುತ್ತಿದ್ದವು. ಹಾಗೇ ತೋಳು ಹಿಡಿದು ಗುರುನಾಥ ಅವನನ್ನು ಪಡಸಾಲೆಯಿಂದ ಒಳಗೆ, ಪೂಜೆಯ ಜಗಲಿಗೆ, ಊಟಕ್ಕೆ ಕರೆದೊಯ್ಯುತ್ತಿದ್ದ. ನಡುವಿನ ಹೊಸ್ತಿಲಲ್ಲಿ ಅಣ್ಣ ಎರಡು ಸಲ ಬಿದ್ದ. ಮೊದಲನೆಯ ಸಲ ಪಾದ ಸಿಕ್ಕಿಕೊಂಡು ಬಿದ್ದ. ಎರಡನೆಯ ಸಲ ಗುರುನಾಥನ ಕೈ ಜಾರಿತ್ತು. ಜಾರಿತು ಎಂದೇ ಅವನು ಅತ್ತಿಗೆಗೆ ಹೇಳಿದ್ದ. ಅಂದಿನಿಂದ ಪೂಜೆಯ ತಟ್ಟೆ, ಊಟದ ತಾಟು ಎರಡೂ ಪಡಸಾಲೆಯ ಮಂಚಕ್ಕೇ ಬರತೊಡಗಿದವು, ಮತ್ತು ಬಸವಣಪ್ಪ ತನ್ನ ಮನೆಯ ಒಳಭಾಗವನ್ನು ನೋಡಿ ನಾಲ್ಕು ತಿಂಗಳಾಯಿತು.

ಆ ನಾಲ್ಕು ತಿಂಗಳನ್ನು ನೆನೆದಾಗ ಗುರುನಾಥನಿಗೆ ಮೊದಲು ಕೇಳಿಸುವುದು ಹೆಂಡತಿಯ ನಗು. ಮದುವೆಯಾಗಿ ಒಂಬತ್ತು ವರ್ಷವಾದರೂ ವಿದ್ಯಾವತಿ ಹಲ್ಲು ಕಾಣುವಂತೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಅಣ್ಣ ಊಟಕ್ಕೆ ಕೂರುತ್ತಿದ್ದದ್ದು ಒಲೆಗೆ ಎದುರಾಗಿ, ಬಾಗಿಲಿಗೆ ಬೆನ್ನು ಕೊಡದೆ, ಇಡೀ ಅಡಿಗೆಮನೆ ಕಾಣುವ ಜಾಗದಲ್ಲಿ. ರೊಟ್ಟಿ ಒಂದು ಕಡೆ ಸೀದಿದ್ದರೆ ಅದನ್ನು ಮಾತಿಲ್ಲದೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಗುರುನಾಥ ಲೆಕ್ಚರರ್ ಸಂದರ್ಶನಕ್ಕೆ ಮೂರನೆಯ ಸಲ ಹೋಗಿ ಬಂದ ದಿನ, 'ಏನಂದ್ರೋ ಗುರ್ಯಾ? ನಿನ್ನ ಬಾಯಿ ತೆರೀಲಿಕ್ಕಿಲ್ಲ. ಎಂ.ಎ. ಪಾಸಾದದ್ದು ಪೇಪರ್, ನೀ ಅಲ್ಲ' ಎಂದು, ತನ್ನ ಮಾತಿಗೆ ತಾನೇ ನಕ್ಕು, ವಿದ್ಯಾವತಿಯ ಕಡೆ ತಿರುಗಿ 'ಇವಗ ಇನ್ನಷ್ಟು ಪಲ್ಯ ಹಾಕವ್ವಾ, ಪಾಪ' ಎಂದಿದ್ದ. ಅವಳು ಹಾಕಿದ್ದಳು. ಆ ಪಲ್ಯವನ್ನು ಅವನು ತಿಂದಿದ್ದ. ಈಗ ಆ ಜಾಗದಲ್ಲಿ ಗುರುನಾಥ ಕೂರುತ್ತಾನೆ. ಯಾರೂ ಕೂರು ಎನ್ನಲಿಲ್ಲ, ಒಂದು ದಿನ ಅಲ್ಲಿ ಜಾಗ ಖಾಲಿ ಇತ್ತು, ಕೂತ. ಮೊನ್ನೆ ಮೊನ್ನೆ ಅತ್ತಿಗೆಯೂ ವಿದ್ಯಾವತಿಯೂ ಒಲೆ ಮುಂದೆ ಏನೋ ಮಾತಾಡಿ ಜೋರಾಗಿ ನಕ್ಕರು. ಪಡಸಾಲೆಯಲ್ಲಿ ಮಂಚದ ಹಗ್ಗ ಕಿರುಗುಟ್ಟಿತು. ನಗು ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತ ಆ ನಗುವಿಗಾಗಿಯೇ ತಾನು ಇದನ್ನೆಲ್ಲ ಮಾಡುತ್ತಿದ್ದೇನೆ ಎಂದು ಅವನು ಹಲವು ಸಲ ನಂಬಲು ನೋಡಿದ. ಅದು ಪೂರ್ತಿ ನಿಜವಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಹುಮನಾಬಾದಿನಲ್ಲಿ ಇಳಿದು ಅವನು ನಡೆದೇ ಹೋದ. ಇಸ್ಮಾಯಿಲನ ಅಂಗಡಿ ಮಾಣಿಕನಗರಕ್ಕೆ ಹೋಗುವ ರಸ್ತೆಯಲ್ಲಿ, ಹೂವು ಸಕ್ಕರೆ ಮಾರುವ ಅಂಗಡಿಗಳ ಸಾಲು ಶುರುವಾಗುವುದಕ್ಕೆ ಮೊದಲು ಇತ್ತು. ಇಸ್ಮಾಯಿಲ ಹೈದರಾಬಾದಿನಲ್ಲಿ ಕೃತಕ ಕಾಲು ಮಾಡುವುದನ್ನು ಕಲಿತು ಬಂದ ಐವತ್ತರ ಆಸಾಮಿ; ಗಡ್ಡದಲ್ಲಿ ಸದಾ ಪ್ಲಾಸ್ಟರಿನ ಪುಡಿ. ಹದಿಮೂರು ದಿನದ ಹಿಂದೆ, ಬಾಡಿಗೆ ಜೀಪಿನಲ್ಲಿ ತಂದ ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿ, ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಇಸ್ಮಾಯಿಲ ಎರಡೂ ಬಗೆಯನ್ನು ತೋರಿಸಿದ್ದ. ಒಂದು ಲೋಖಂಡದ್ದು. ಕಾಲಿನ ಎರಡೂ ಬದಿಗೆ ಎರಡು ಕಬ್ಬಿಣದ ಸಲಾಕೆ, ಮೊಣಕಾಲ ಕೆಳಗೆ ಚರ್ಮದ ಪಟ್ಟಾ, ಕೆಳಗೆ ಸಲಾಕೆಗಳು ಚರ್ಮದ ಬೂಟಿನ ಹಿಮ್ಮಡಿಯೊಳಗೆ ಹೊಕ್ಕು ರಿವಿಟ್ಟಿನಿಂದ ಕೂತಿರುತ್ತವೆ, ಬೂಟಿಲ್ಲದೆ ಅದಿಲ್ಲ. ಇನ್ನೊಂದು ಪ್ಲಾಸ್ಟಿಕ್ಕಿನದು. ಕಾಲಿನ ಅಚ್ಚು ತೆಗೆದು ಅದರ ಮೇಲೆ ಕಾಯಿಸಿ ಬಗ್ಗಿಸಿದ್ದು, ಮೀನಖಂಡದ ಹಿಂದೆ ಇಳಿದು ಅಂಗಾಲಿನ ಅಡಿಗೆ ಬರುವಂಥದು, ಹಗುರ. 'ಇವರ ಕಾಲು ಇನ್ನಾ ಬಿಗದಿಲ್ರಿ. ಎರಡೂ ನಡೀತದ' ಎಂದಿದ್ದ. 'ಹೊರಗ ಭಾಳ ಅಡ್ಡಾಡೋರಿದ್ರ ಲೋಖಂಡ. ಮನ್ಯಾಗ ಅಡ್ಡಾಡೋರಿದ್ರ ಇದು. ಅಡಿಗಿ ರಬ್ಬರ್ ಅಂಟಿಸಿ ಕೊಡ್ತೀನಿ, ಬೂಟ್ ಬ್ಯಾಡ, ಚಪ್ಪಲ್ ಬ್ಯಾಡ, ಬರಿಗಾಲ ಇದ್ದಂಗ.'

ಆಗ ಎದ್ದಿತು ಆ ಎಡಗೈ.

ಇಸ್ಮಾಯಿಲ ನಕ್ಕು, 'ಮಾಸ್ತರಿಗಿ ಇದು ಪಸಂದ್ ಬಂತು ನೋಡ್ರಿ' ಎಂದ. ಗುರುನಾಥ ಜೇಬಿನಿಂದ ಡಾಕ್ಟರ ಚೀಟಿ ತೆಗೆದು, ಬಿಚ್ಚದೆ, ಮೇಜಿನ ಮೇಲಿಟ್ಟು, 'ಇಲ್ಲ, ಡಾಕ್ಟರು ಲೋಖಂಡದ್ದೇ ಅಂದಾರ' ಎಂದ. ಪಾದ ಎತ್ತಿ ಹಿಡಿಯುವ ಪಟ್ಟಿ ಎಂದಷ್ಟೇ ಡಾಕ್ಟರು ಬರೆದಿದ್ದರು. ಯಾವುದೆಂದು ಮಾಡುವವನೇ ಕಾಲು ನೋಡಿ ಹೇಳಲಿ ಎಂದಿದ್ದರು. ಎರಡಕ್ಕೂ ರೊಕ್ಕದ ಫರಕು ಹೆಚ್ಚಿರಲಿಲ್ಲ. ಆ ನೆವವೂ ಅವನಿಗೆ ದಕ್ಕಲಿಲ್ಲ. ಇಸ್ಮಾಯಿಲ ಚೀಟಿಯನ್ನು ಓದದೆ ಅಳತೆ ತೆಗೆಯಲು ಶುರುಮಾಡಿದ. ಓದಿದ ಮನುಷ್ಯನ ಮಾತು ಎಂದು ನಂಬಿರಬೇಕು. ಅಣ್ಣ ಚೀಟಿಯನ್ನೇ ನೋಡುತ್ತಿದ್ದ. ಆಮೇಲೆ ತಮ್ಮನ ಮುಖ ನೋಡಿದ. ಅದು ತಪ್ಪು ಉತ್ತರ ಬರೆದ ಹುಡುಗನ ಪಾಟಿಯನ್ನು ನೋಡುವ ನೋಟ. ಆದರೆ ಈ ಸಲ ಅದರ ಕೊನೆಯಲ್ಲಿ ಬೇರೆ ಏನೋ ಇತ್ತು, ಗುರುನಾಥ ಅದನ್ನು ಪೂರಾ ನೋಡುವ ಮೊದಲೇ ಜೀಪಿನವನ ಹತ್ತಿರ ಮಾತಾಡಬೇಕು ಎಂದು ಹೊರಗೆ ಹೋಗಿದ್ದ.

ಇಂದು ಇಸ್ಮಾಯಿಲ ಬೂಟನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಅಂಚು ಉಜ್ಜುತ್ತಿದ್ದ. 'ಅಣ್ಣೋರು ಬರಲಿಲ್ಲೇನ್ರಿ?'

'ಬಸ್ಸಿನ್ಯಾಗ ಅವರಿಗಿ ಆಗೂದಿಲ್ಲ.'

'ಕಾಲು ಮನ್ಯಾಗಿಟ್ಟು ಕಾಲಿನ ಸಾಮಾನು ಒಯ್ಯಾಕ ಬಂದೋರು ನೀವೇ ಮೊದಲನ್ಯೋರು ನೋಡ್ರಿ' ಎಂದು ಇಸ್ಮಾಯಿಲ ನಕ್ಕ. 'ಚುಚ್ಚಿದ್ರ ವಾಪಸ್ ತರ್ರಿ. ಹುಣ್ಣಾದ ಮ್ಯಾಲ ತರಬ್ಯಾಡ್ರಿ.' ನಂತರ ಅರ ಕೆಳಗಿಟ್ಟು ಎದ್ದು, ಹಿಂದಿನ ಕಪಾಟಿನ ಕಡೆ ಗದ್ದ ತೋರಿಸಿದ. ಅಲ್ಲಿ ಬೆಳ್ಳಗಿನ ಪ್ಲಾಸ್ಟರಿನ ಕಾಲುಗಳು ಸಾಲಾಗಿ ನಿಂತಿದ್ದವು, ಮೊಣಕಾಲಿಗೆ ಕಡಿದವು, ಒಂದೊಂದರ ಮೇಲೆ ನೀಲಿ ಪೆನ್ಸಿಲಿನ ಹೆಸರು. ಮೂರನೆಯದು ಅಣ್ಣನದು. ಹೆಸರು ಓದುವ ಮೊದಲೇ ಗುರುನಾಥನಿಗೆ ಗೊತ್ತಾಯಿತು. ಹೆಬ್ಬೆರಳಿಗಿಂತ ಉದ್ದವಾದ ಎರಡನೆಯ ಬೆರಳು. ಪರೀಕ್ಷೆಗೆ ಹೋಗುವಾಗ, ಫಲಿತಾಂಶ ಬಂದಾಗ, ಬಸವ ಜಯಂತಿಗೆ, ಮದುವೆಯ ದಿನ, ನೌಕರಿಯ ಆರ್ಡರು ಬಂದ ದಿನ ಅವನು ಬಗ್ಗಿದಾಗಲೆಲ್ಲ ಕಣ್ಣಿಗೆ ಅಷ್ಟು ಹತ್ತಿರ ಬರುತ್ತಿದ್ದ ಬೆರಳು ಅದು. ಅಣ್ಣನ ಮುಖಕ್ಕಿಂತ ಅವನ ಪಾದವನ್ನೇ ತಾನು ಹೆಚ್ಚು ನೋಡಿದ್ದೇನೆ ಎಂದು ಅವನಿಗೆ ಅನಿಸಿತು.

'ಅವತ್ತು ನೀವು ಹೊರಗ ಹೋದಾಗ ಅಚ್ಚು ತಗೊಂಡೆ' ಎಂದ ಇಸ್ಮಾಯಿಲ. 'ಅವರು ಕೈ ಬಿಡವಲ್ರು. ನನ್ನ ತೋಳು ಹಿಡದು, ಅದು, ಅದು ಅಂತ ತೋರಿಸಿದ್ರು. ಬಾಯಿ ಇಲ್ಲದ ಮನುಷ್ಯಾ. ನನಗ ತಡೀಲಿಲ್ಲ. ಎರಡು ದಿನ ಕೊಡ್ರಿ ಸಾಬ್, ಪ್ಲಾಸ್ಟಿಕ್ಕಿನದು ಮಾಡಿಕೊಡ್ತೀನಿ. ಲೋಖಂಡದ್ದು ಇಲ್ಲೇ ಇರ್ಲಿ, ಬ್ಯಾರೆ ಯಾರಿಗರ ಆಗ್ತದ. ನಿಮಗೇನೂ ತಕಲೀಫ ಇಲ್ಲ.'

ಹಾಗಾದರೆ ಕಿಟಕಿ ಅಲ್ಲ. ಇಷ್ಟು ಹೊತ್ತು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಕಿಟಕಿ ಒಂದೇ ಮಾತಿಗೆ ಬಿದ್ದುಹೋಯಿತು. ಗುರುನಾಥನಿಗೆ ಆಶ್ಚರ್ಯವಾದದ್ದು ತನಗೆ ನಾಚಿಕೆಯಾಗಲಿಲ್ಲ ಎಂಬುದರಿಂದ. ಆದದ್ದು ಸಿಟ್ಟು. ಈ ಅಪರಿಚಿತನ ತೋಳು ಹಿಡಿದು ಬೇಡಿಕೊಂಡ ಅಣ್ಣ ತನ್ನ ತೋಳು ಹಿಡಿಯಲಿಲ್ಲ. ಬೇಡುವುದಾದರೂ ಇವನ ಹತ್ತಿರ ಬೇಡಿದ, ತಮ್ಮನ ಹತ್ತಿರ ಅಲ್ಲ. ಮುಂಗೈ ಮೇಲಿನ ಗಡಿಯಾರ ನೋಡಿಕೊಂಡ. ಮಾವ ಮದುವೆಯಲ್ಲಿ ಕೊಟ್ಟ ಗಡಿಯಾರ ಅದು. ಅದರ ಚರ್ಮದ ಪಟ್ಟಿ ಕಂಡು, ಬೀಗರೆಲ್ಲ ಕೂತ ಪಂಕ್ತಿಯಲ್ಲಿ, 'ಚರ್ಮ ಕಟಗೊಂಡು ಒಳಗ ಬರೂದು ಯಾವ ಕಾಲೇಜಿನ್ಯಾಗ ಕಲಿಸ್ಯಾರೋ' ಎಂದು ಅಣ್ಣ ಕೈ ಚಾಚಿ ಬಿಚ್ಚಿಸಿಕೊಂಡಿದ್ದ. ಅವರ ಮನೆಯಲ್ಲಿ ಚರ್ಮ ನಡುವಿನ ಹೊಸ್ತಿಲು ದಾಟುವಂತಿರಲಿಲ್ಲ. ಚಪ್ಪಲಿಯ ಮಾತಂತೂ ಬಿಡಿ, ಬೆಲ್ಟು, ಪಾಕೀಟು, ಎಲ್ಲ ಪಡಸಾಲೆಯ ಗೂಡಿನಲ್ಲೇ. ತಹಶೀಲ ಕಚೇರಿಯ ಗುಮಾಸ್ತನೊಬ್ಬ ಬೆಲ್ಟು ಬಿಚ್ಚಿಟ್ಟು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಹೋಳಿಗೆ ಉಂಡು ಹೋಗಿದ್ದನ್ನು ಓಣಿಯವರು ಇವತ್ತಿಗೂ ಹೇಳಿ ನಗುತ್ತಾರೆ. ಎಂಟು ವರ್ಷಕ್ಕೂ ಮೇಲೆ ಗುರುನಾಥ ಗಡಿಯಾರವನ್ನು ಗೂಡಿನಲ್ಲಿಟ್ಟು ಒಳಗೆ ಹೋದ. ಈ ನಾಲ್ಕು ತಿಂಗಳಿಂದ ಅದನ್ನು ಕಟ್ಟಿಕೊಂಡೇ ಊಟಕ್ಕೆ ಕೂರುತ್ತಾನೆ. ಅತ್ತಿಗೆ ಒಂದು ಸಲ ನೋಡಿ, ತಾಟಿಗೆ ರೊಟ್ಟಿ ಹಾಕಿದಳು.

'ಬ್ಯಾಡ' ಎಂದ ಗುರುನಾಥ. 'ಇದೇ ಇರ್ಲಿ. ಕಟ್ಟಿಕೊಡ್ರಿ.'

ಇಸ್ಮಾಯಿಲ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಹಳೆಯ ಉರ್ದು ಪೇಪರಿನಲ್ಲಿ ಬೂಟನ್ನು ಸುತ್ತತೊಡಗಿದ. ಸುತ್ತುತ್ತ, ತಲೆ ಎತ್ತದೆ, 'ನಿಮ್ಮ ಮಂದ್ಯಾಗ ಬೂಟು ಒಳಗ ಒಯ್ಯೂದಿಲ್ಲ ಅಂತಾರಲ್ರಿ?' ಎಂದು ಕೇಳಿದ.

'ಕೆಲವು ಮನ್ಯಾಗ.'

'ನಿಮ್ಮನ್ಯಾಗ?'

'ಬಸ್ಸಿಗಿ ಹೊತ್ತಾಯ್ತು' ಎಂದ ಗುರುನಾಥ.

ಮರಳಿ ಬರುವಾಗ ಪೊಟ್ಟಣ ತೊಡೆಯ ಮೇಲಿತ್ತು, ಅಂದುಕೊಂಡದ್ದಕ್ಕಿಂತ ಭಾರ. ಪಕ್ಕದಲ್ಲಿ ಕೂತ ಮಂಠಾಳದ ಮುದುಕನೊಬ್ಬ ಏನು ಎಂದು ಕೇಳಿದ, ಗುರುನಾಥ ಹೇಳಿದ. ಮುದುಕ ಪೇಪರಿನ ಮೇಲಿಂದಲೇ ಬೂಟನ್ನು ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಂಡು, 'ಇಂಥ ತಮ್ಮ ಸಿಗಬೇಕಾದ್ರ ಪುಣ್ಯಾ ಮಾಡಿರಬೇಕು' ಎಂದ. ಗುರುನಾಥ ತಲೆ ತಗ್ಗಿಸಿದ. ತಗ್ಗಿಸಿದ್ದು ವಿನಯದಂತೆ ಕಂಡಿರಬೇಕು. ಎಷ್ಟು ಸುಲಭ ಇದು ಎಂದು ಅವನಿಗೆ ಅನಿಸಿತು. ಏನೂ ಮಾಡಬೇಕಾಗಿಲ್ಲ. ಎರಡು ಒಳ್ಳೆಯ ವಸ್ತುಗಳಲ್ಲಿ ಒಂದನ್ನು ಆರಿಸಿದರೆ ಸಾಕು, ಉಳಿದದ್ದನ್ನು ಅಣ್ಣನೇ ಕಟ್ಟಿದ ಮನೆ ಮಾಡುತ್ತದೆ. ಅಣ್ಣ ನಡೆಯುತ್ತಾನೆ, ಓಣಿಯಲ್ಲಿ ನಡೆಯುತ್ತಾನೆ, ಶಾಲೆಯವರೆಗೂ ನಡೆಯುತ್ತಾನೆ, ಎಲ್ಲರೂ ನೋಡುತ್ತಾರೆ. ಇದರಲ್ಲಿ ಕೆಟ್ಟದ್ದು ಯಾವುದೆಂದು ಯಾರಾದರೂ ಬೊಟ್ಟು ಮಾಡಿ ತೋರಿಸಲಿ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಎದುರುಮನೆಯ ಅಮೋಘಸಿದ್ದಪ್ಪ ಕಟ್ಟೆಯಿಂದ ಎದ್ದು ಹಿಂದೆಯೇ ಬಂದ. ಬಸವಣಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಮಂಚದ ಅಂಚಿಗೆ ಕೂತಿದ್ದ. ಅತ್ತಿಗೆ ಸೂಗಮ್ಮ ಗಂಡನಿಗೆ ಇಸ್ತ್ರಿಯ ಅಂಗಿ ತೊಡಿಸಿದ್ದಳು. ಗುರುನಾಥ ಪೇಪರು ಬಿಚ್ಚಿದ. ಅಣ್ಣನ ಕಣ್ಣು ಪೊಟ್ಟಣದ ಮೇಲಿತ್ತು. ಮೊದಲು ಬೂಟಿನ ಮೂತಿ ಕಂಡಿತು, ಆಮೇಲೆ ಸಲಾಕೆಗಳು. ಅಣ್ಣ ಪೇಪರಿನಲ್ಲಿ ಇನ್ನೇನಾದರೂ ಇದೆಯೇ ಎಂದು ನೋಡಿದ. ಎಡಗೈಯಿಂದ ಪೇಪರನ್ನು ಎತ್ತಿ, ಮಗುಚಿ, ಕೆಳಗಿಟ್ಟ.

ಗುರುನಾಥ ನೆಲಕ್ಕೆ ಕೂತು ಅಣ್ಣನ ಪಾದವನ್ನು ಬೂಟಿನೊಳಗೆ ತೂರಿಸಿ ಪಟ್ಟಾ ಬಿಗಿದ. ಎದ್ದು ನಿಂತ ಅಣ್ಣ ಬಡಿಗೆಯೂರಿ ಒಂದು ಹೆಜ್ಜೆ ಇಟ್ಟ. ಪಾದ ತಿರುಗಲಿಲ್ಲ. ಇನ್ನೊಂದು ಇಟ್ಟ. ಶಹಾಬಾದಿನ ಪರಸಿಗಲ್ಲಿನ ಮೇಲೆ ಬೂಟು ಠಕ್ಕೆಂದಿತು. ಪಡಸಾಲೆ ಇಳಿದು ಅಂಗಳದ ತುದಿಯವರೆಗೆ ಹೋಗಿ, ತಾನೇ ತಿರುಗಿದ. ಸೂಗಮ್ಮ ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು.

'ನೋಡ್ರಿ ಮಾಸ್ತರ್ರ, ಪೊಲೀಸ್ ಪಾಟೀಲ ಬಂದಂಗ ಬರಾಕತ್ತೀರಿ' ಎಂದ ಅಮೋಘಸಿದ್ದಪ್ಪ. 'ಗುರುನಾಥಪ್ಪಾ, ಅಪ್ಪಂದಿರಿಗಿ ಮಕ್ಕಳು ಸೈತ ಇಷ್ಟು ಮಾಡೂದಿಲ್ಲ ಬಿಡು.'

ಅಣ್ಣನ ಮುಖದಲ್ಲಿ, ಎಡಗಡೆಯ ಅರ್ಧದಲ್ಲಿ, ಒಂದು ನಗು ಬಂತು. ಗುರುನಾಥ ಅದನ್ನು ನಿರೀಕ್ಷಿಸಿರಲಿಲ್ಲ. ಅಣ್ಣ ಎಲ್ಲವನ್ನೂ ಮರೆತವನಂತೆ ಪಡಸಾಲೆ ಹತ್ತಿ, ಮಂಚವನ್ನು ದಾಟಿ, ನೇರ ಒಳಗಿನ ಬಾಗಿಲಿಗೆ ನಡೆದ. ಏಳು ತಿಂಗಳಲ್ಲಿ ಮೊದಲ ಸಲ ತನ್ನ ಕಾಲಲ್ಲಿ. ಒಲೆಯ ಮುಂದಿದ್ದ ವಿದ್ಯಾವತಿ ಎದ್ದು ಗೋಡೆಗೆ ಸರಿದಳು. ಹೊಸ್ತಿಲ ಹತ್ತಿರ ಬಡಿಗೆ ನಿಂತಿತು. ಅಣ್ಣ ಕೆಳಗೆ ನೋಡಿದ.

'ಬರ್ರಿ, ಬರ್ರಿ ಒಳಗ' ಎಂದಳು ಸೂಗಮ್ಮ. 'ಜಡ್ಡಿನ ಮನಷ್ಯಾಗ ಎಂಥಾ ಮಡಿ?'

ಅವನು ಅಲ್ಲಾಡಲಿಲ್ಲ. ಬಡಿಗೆಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಎಡಗೈಯನ್ನು ಕೆಳಗೆ ಚಾಚಿ, ಪಟ್ಟಾದ ಬಕಲು ಹುಡುಕಿದ. ಬಕಲು ಕಾಲಿನ ಹೊರಬದಿಗಿತ್ತು, ಎಡಗೈ ಅಲ್ಲಿಗೆ ಮುಟ್ಟಲಿಲ್ಲ. ಇನ್ನೂ ಬಗ್ಗಿದ. ಇಸ್ತ್ರಿಯ ಅಂಗಿ ಮೇಲೆ ಸರಿದು ಬೆನ್ನು ಕಂಡಿತು. ಉಸಿರು ಸಶಬ್ದವಾಗಿ ಬರತೊಡಗಿತು. ಅಮೋಘಸಿದ್ದಪ್ಪ ಬೇರೆ ಕಡೆ ನೋಡಿದ. ಗುರುನಾಥ ಎರಡು ಮಾರು ದೂರದಲ್ಲಿದ್ದ, ಬಗ್ಗಿದರೆ ಬಿಚ್ಚಬಹುದಿತ್ತು, ಬಿಚ್ಚಿದರೆ ಪಾದ ಮತ್ತೆ ತಿರುಗುತ್ತದೆ, ಮತ್ತೆ ತೋಳು ಹಿಡಿಯಬೇಕು. ಅವನು ಬಗ್ಗಲಿಲ್ಲ. ಅಣ್ಣ ನಿಧಾನವಾಗಿ ನೆಟ್ಟಗಾದ. ಮುಖ ಕೆಂಪಾಗಿತ್ತು. ತಿರುಗಿ ಗುರುನಾಥನನ್ನು ನೋಡಿದ. ಆಜ್ಞೆಯ ನೋಟವಲ್ಲ, ಕೇಳುವ ನೋಟ. ಈ ಮನೆಯ ಕಟ್ಟಳೆಯನ್ನು ಸಡಿಲಿಸುವ ಅಧಿಕಾರ ಈಗ ಯಾರದೆಂದು ಅವನಿಗೆ ಗೊತ್ತಿದ್ದಂತಿತ್ತು. ಹೆಂಡತಿಯ ಮಾತಿಗೆ ದಾಟದವನು ತಮ್ಮನ ಮಾತಿಗೆ ದಾಟಲು ನಿಂತಿದ್ದ.

ಸೂಗಮ್ಮನೂ ಅವನ ಕಡೆ ತಿರುಗಿದಳು. 'ತಮ್ಮಾ, ಬೂಟಿಲ್ಲದ್ದು ಬರೂದಿಲ್ಲೇನು?'

'ಇಲ್ಲ ವೈನಿ' ಎಂದ ಗುರುನಾಥ. 'ಇದೊಂದೇ ಇರೂದು.'

ಅಣ್ಣನ ಗಂಟಲಿನಿಂದ ಒಂದು ಸದ್ದು ಬಂತು. ಮಂಚಕ್ಕೆ ಮರಳಿ ಕೂತ. ಸೂಗಮ್ಮ ನೀರು ತಂದಳು. ಎರಡು ಗುಟುಕು ಕುಡಿದು, ತಂಬಿಗೆಯನ್ನು ಓರೆ ಮಾಡಿ ಪರಸಿಯ ಮೇಲೆ ನೀರು ಚೆಲ್ಲಿ, ಬಗ್ಗಿ, ಒದ್ದೆ ಬೆರಳಿನಿಂದ ಗೀಚಿದ. ಬೋರ್ಡಿನ ಮೇಲೆ ಕೈವಾರವಿಲ್ಲದೆ ವರ್ತುಲ ಬರೆಯುತ್ತಿದ್ದವನು. ಎಡಗೈಯಾದರೂ ಗೆರೆ ತಪ್ಪಲಿಲ್ಲ. ಮೀನಖಂಡದಿಂದ ಇಳಿದು, ಹಿಮ್ಮಡಿಯಲ್ಲಿ ತಿರುಗಿ, ಅಂಗಾಲಿನ ಉದ್ದಕ್ಕೂ ಹರಿದು ಬೆರಳುಗಳ ಹತ್ತಿರ ನಿಂತ ಒಂದೇ ಗೆರೆ. ಅದನ್ನು ಬೆರಳಿನಿಂದ ತಟ್ಟಿ ಹೆಂಡತಿಯ ಮುಖ ನೋಡಿದ. ಮತ್ತೆ ತಟ್ಟಿದ.

'ಏನಿದು?' ಸೂಗಮ್ಮ ಬಗ್ಗಿ ನೋಡಿದಳು. 'ಸವುಟೇನು? ಉಣ್ಣಾಕ ಬೇಕೇನ್ರಿ?'

'ಹಸಿವಾಗಿರಬೇಕು ವೈನಿ' ಎಂದ ಗುರುನಾಥ. 'ನಡದು ದಣಿದಾರ. ತಾಟು ತರ್ರಿ.'

ಅವಳು ಒಳಗೆ ಹೋದಳು. ಪಡಸಾಲೆಯ ಕಲ್ಲು ಬಿಸಿಲಿಗೆ ಕಾದಿತ್ತು. ಗೆರೆ ಹಿಮ್ಮಡಿಯ ಹತ್ತಿರ ಮೊದಲು ಮಾಸಿ, ಆಮೇಲೆ ಉಳಿದದ್ದು ಹೋಯಿತು. ಒರೆಸುವ ಅಗತ್ಯವೂ ಬೀಳಲಿಲ್ಲ. ಅದು ಪೂರಾ ಆರುವವರೆಗೆ ಅಣ್ಣತಮ್ಮ ಇಬ್ಬರೂ ಅದನ್ನೇ ನೋಡುತ್ತಿದ್ದರು.

ಬಸವಣಪ್ಪ ಆ ಬೂಟಿನಲ್ಲಿ ಮೂರು ವರ್ಷ ನಡೆದ. ಮುಂಜಾನೆ ಶಾಲೆಯ ಗೇಟಿನವರೆಗೆ, ಸಂಜೆ ಗುಡಿಯ ಮೆಟ್ಟಿಲಿನವರೆಗೆ. ಊರಿನವರು ನಿಂತು ನೋಡಿ ಗುರುನಾಥನ ಹೆಸರು ಹೇಳುತ್ತಿದ್ದರು. ಅಣ್ಣನ ಊಟ, ಪೂಜೆ, ನಿದ್ದೆ ಪಡಸಾಲೆಯಲ್ಲೇ ಆದವು. ಒಳಗಿನ ನಗು ಮೊದಮೊದಲು ಅರ್ಧಕ್ಕೆ ನಿಲ್ಲುತ್ತಿತ್ತು, ಆಮೇಲೆ ಪೂರಾ ಆಗತೊಡಗಿತು. ಹೊರಗಿನಿಂದ ಬಂದ ಪ್ರತಿ ಸಂಜೆ ಅಣ್ಣ ಮಂಚಕ್ಕೆ ಹೋಗುವ ಮೊದಲು ನಡುವಿನ ಹೊಸ್ತಿಲ ಈಚೆ ಬಡಿಗೆಯೂರಿ ನಿಲ್ಲುತ್ತಿದ್ದ. ಒಳಗೆ ಒಲೆಗೆದುರಾಗಿ ಕೂತ ತಮ್ಮ ತಲೆ ಎತ್ತಿದರೆ ಕಾಣುವಷ್ಟು ಹೊತ್ತು. ಗುರುನಾಥ ತಲೆ ಎತ್ತುತ್ತಿದ್ದ, ನೋಡುತ್ತಿದ್ದ. 'ಅಣ್ಣಾ, ಒಳಗ ಬರ್ರಿ' ಎಂದು ಒಂದು ದಿನವೂ ಅನ್ನಲಿಲ್ಲ.